ಬಿಲ್ಟಿಯಲ್ಲಿ ಇನ್ನು ಮೂರು ಸಾಲು: ಬಾಡಿಗೆ, ಡೀಸೆಲ್, ಟೋಲ್

ವಿಜಯಪುರ

ನಮ್ಮ ಸಂಘದ ಲಾರಿಗಳಲ್ಲಿ ಮಾಲು ಕಳಿಸುವ ಎಲ್ಲ ರೈತರಿಗೆ, ಅಡತಿ ಅಂಗಡಿಯವರಿಗೆ ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ ಬೆಂಗಳೂರಿಗೆ ಹೋಗುವ ಒಣದ್ರಾಕ್ಷಿಯ ಬಾಡಿಗೆ ಲೆಕ್ಕ ಬದಲಾಗುತ್ತದೆ. ಇಲ್ಲಿಯವರೆಗೆ 15 ಕಿಲೋ ಬಾಕ್ಸಿಗೆ ಎಲ್ಲ ಸೇರಿ 36 ರೂಪಾಯಿ ಇತ್ತು. ಇನ್ನು ಮುಂದೆ ಬಿಲ್ಟಿಯಲ್ಲಿ, ಅಂದರೆ ಮಾಲಿನ ಜೊತೆ ಕೊಡುವ ಬಾಡಿಗೆ ಚೀಟಿಯಲ್ಲಿ, ಮೂರು ಸಾಲು ಬರುತ್ತವೆ. ಮೊದಲನೆಯದು ನಮ್ಮ ಬಾಡಿಗೆ, ಬಾಕ್ಸಿಗೆ 17 ರೂಪಾಯಿ. ಎರಡನೆಯದು ಡೀಸೆಲ್. ಮೂರನೆಯದು ಟೋಲ್. ಬಾಡಿಗೆ ಒಂದು ವರ್ಷ ಅಲುಗಾಡುವುದಿಲ್ಲ. ಉಳಿದ ಎರಡು ಏರಿದರೆ ಏರುತ್ತವೆ, ಇಳಿದರೆ ಇಳಿಯುತ್ತವೆ.

ಲೆಕ್ಕ ಹೀಗೆ. ಒಂದು ಲಾರಿಗೆ 600 ಬಾಕ್ಸ್. ಇಲ್ಲಿಂದ ಬೆಂಗಳೂರು ಮುಟ್ಟಲು ಲೋಡ್ ಗಾಡಿಗೆ 105 ಲೀಟರ್ ಅಂತ ಹಿಡಿದಿದ್ದೇವೆ. ಡೀಸೆಲ್ 90 ರೂಪಾಯಿ ಇದ್ದರೆ 9,450 ರೂಪಾಯಿ ಆಯಿತು, ಬಾಕ್ಸಿಗೆ 15 ರೂಪಾಯಿ 75 ಪೈಸೆ. ಟೋಲ್ 2,700 ಆಯಿತು ಅಂದುಕೊಳ್ಳಿ, ಬಾಕ್ಸಿಗೆ ನಾಲ್ಕೂವರೆ ರೂಪಾಯಿ. ಎಲ್ಲ ಕೂಡಿದರೆ 37 ರೂಪಾಯಿ 25 ಪೈಸೆ. ಹಳೆ ದರಕ್ಕಿಂತ ಒಂದೂಕಾಲು ರೂಪಾಯಿ ಜಾಸ್ತಿ. ಡೀಸೆಲ್ ಒಂದು ರೂಪಾಯಿ ಏರಿದರೆ ನಿಮ್ಮ ಬಾಕ್ಸಿಗೆ ಬೀಳೋದು ಹದಿನೇಳೂವರೆ ಪೈಸೆ. ಒಂದು ರೂಪಾಯಿ ಇಳಿದರೆ ಅಷ್ಟೇ ಕಡಿಮೆ.

ಇಷ್ಟಕ್ಕೇ ಪತ್ರ ಮುಗಿಸಬಹುದಿತ್ತು. ಆದರೆ ನೀವು ಲೋಡಿಂಗ್‌ಗೆ ಬಂದಾಗಲೆಲ್ಲ ಕೇಳುವ ಪ್ರಶ್ನೆ ಒಂದಿದೆ: ಡೀಸೆಲ್ ಏರಿದರೆ ಮರುದಿನವೇ ಬಾಡಿಗೆ ಏರುತ್ತೆ, ಇಳಿದಾಗ ಯಾಕೆ ಇಳಿಯಲ್ಲ? ಪ್ರಶ್ನೆ ಸರಿಯಾಗಿಯೇ ಇದೆ. 2021ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ಮೇಲಿನ ಅಬಕಾರಿ ಸುಂಕವನ್ನು ಲೀಟರಿಗೆ 10 ರೂಪಾಯಿ ಇಳಿಸಿತು. ಅದರ ಬೆನ್ನಿಗೇ ನಮ್ಮ ರಾಜ್ಯವೂ 7 ರೂಪಾಯಿ ಕಡಿಮೆ ಮಾಡಿತು. ಮಾರ್ಕೆಟ್ಟಿನಲ್ಲಿ ಲಾರಿ ಬಾಡಿಗೆ ಆ ಲೆಕ್ಕದಲ್ಲಿ ಇಳಿದದ್ದನ್ನು ನೀವು ಯಾರಾದರೂ ನೋಡಿದ್ದೀರಾ? ಎಲ್ಲ ಸೇರಿಸಿ ಒಂದೇ ದರ ಹೇಳಿದರೆ ಏನು ಎಲ್ಲಿ ಇಳಿಯಿತು ಅಂತ ಗೊತ್ತೇ ಆಗುವುದಿಲ್ಲ. ಅದಕ್ಕೇ ಮೂರು ಸಾಲು.

ಡೀಸೆಲ್ ಸಾಲಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಪಂಪಿನಲ್ಲಿ ನಾವು ಕೊಡುವ ದುಡ್ಡು ಬರೀ ಎಣ್ಣೆಯ ಬೆಲೆ ಅಲ್ಲ. ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ಇಷ್ಟು ರೂಪಾಯಿ ಅಂತ ಇರುತ್ತದೆ. ರಾಜ್ಯದ ಮಾರಾಟ ತೆರಿಗೆ ಶೇಕಡಾ ಲೆಕ್ಕದಲ್ಲಿ ಇರುತ್ತದೆ. ಎಣ್ಣೆ ಬೆಲೆ ಏರಿದರೆ ರಾಜ್ಯದ ಪಾಲು ಯಾರೂ ಕೈ ಹಚ್ಚದಿದ್ದರೂ ತಾನಾಗಿಯೇ ಏರುತ್ತದೆ. ನಮ್ಮಲ್ಲಿ ಡೀಸೆಲ್ ಮೇಲಿನ ಈ ತೆರಿಗೆ 2021ರ ನವೆಂಬರ್‌ಗೆ ಮುಂಚೆ ಶೇ 24 ಇತ್ತು. ಆಗ ಶೇ 14.34ಕ್ಕೆ ಇಳಿಯಿತು. 2024ರ ಜೂನ್‌ನಲ್ಲಿ ಶೇ 18.44 ಆಯಿತು, ಲೀಟರಿಗೆ ಸುಮಾರು 3 ರೂಪಾಯಿ ಏರಿತು. 2025ರ ಏಪ್ರಿಲ್ 1ರಿಂದ ಶೇ 21.17, ಮತ್ತೆ 2 ರೂಪಾಯಿ. ಅದೇ ತಿಂಗಳು ರಾಜ್ಯದ ಲಾರಿ ಮಾಲೀಕರು ಮುಷ್ಕರ ಮಾಡಿದ್ದು ನಿಮಗೆ ನೆನಪಿರಬೇಕು. ಅಂದರೆ ಎರಡು ಸಲ ಸೇರಿ ರಾಜ್ಯದ ತೆರಿಗೆಯಿಂದಲೇ ಏರಿದ್ದು 5 ರೂಪಾಯಿ. ನಮ್ಮ 105 ಲೀಟರಿಗೆ 525 ರೂಪಾಯಿ. ಬಾಕ್ಸಿಗೆ ಲೆಕ್ಕ ಹಾಕಿದರೆ ಒಂದು ರೂಪಾಯಿಗೂ ಕಡಿಮೆ. ನಮ್ಮ ಸಣ್ಣ ಸಂಘಕ್ಕೆ ಮಾತ್ರ ಸೀಸನ್ನಿನಲ್ಲಿ ಅದು ದೊಡ್ಡ ಗಂಟು.

2025ರ ಏಪ್ರಿಲ್‌ನ ಏರಿಕೆ ಆದ ಮೇಲೆ ಆ ವರ್ಷ ಇದ್ದ ದರದಲ್ಲಿ ನೋಡಿದರೆ ಕೇಂದ್ರದ್ದೂ ರಾಜ್ಯದ್ದೂ ಸೇರಿ ಲೀಟರಿಗೆ 30 ರೂಪಾಯಿಗೂ ಜಾಸ್ತಿ ತೆರಿಗೆ ಇತ್ತು. ನಿಮ್ಮ ಒಂದು ಬಾಕ್ಸಿನ ಮೇಲೆ 5 ರೂಪಾಯಿ ದಾಟುತ್ತಿತ್ತು. ಟೋಲಿನ ನಾಲ್ಕೂವರೆ ಸೇರಿಸಿ. ಆ ಲೆಕ್ಕದಲ್ಲಿ 37 ರೂಪಾಯಿಯಲ್ಲಿ ಹತ್ತರ ಹತ್ತಿರ ನಮ್ಮ ಕೈಗೆ ಬಂದು ಹಾಗೇ ಹೋಗುವ ದುಡ್ಡು.

ಸರ್ಕಾರ ಡೀಸೆಲ್ಲನ್ನೇ ಯಾಕೆ ಹಿಡಿಯುತ್ತದೆ? 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಮಾಲಿನ ಮೇಲಿನ ತೆರಿಗೆ ದರವನ್ನು ರಾಜ್ಯಗಳು ತಾವೇ ಏರಿಸಿ ಇಳಿಸುವ ಅಧಿಕಾರ ಬಹುಪಾಲು ಹೋಯಿತು. ಪೆಟ್ರೋಲ್, ಡೀಸೆಲ್, ಮದ್ಯ ಜಿಎಸ್‌ಟಿ ಹೊರಗೆ ಉಳಿದವು. ವಾಹನ ತೆರಿಗೆ, ಆಸ್ತಿ ನೋಂದಣಿಯ ಮುದ್ರಾಂಕ ಶುಲ್ಕ ಕೂಡ ರಾಜ್ಯದ ಕೈಯಲ್ಲೇ ಇವೆ. ಜಿಎಸ್‌ಟಿಯಿಂದಾದ ಕೊರತೆಗೆ ಕೇಂದ್ರ ಕೊಡುತ್ತಿದ್ದ ಪರಿಹಾರದ ಐದು ವರ್ಷ 2022ರ ಜೂನ್‌ಗೆ ಮುಗಿಯಿತು. ಈಗ ದುಡ್ಡು ಬೇಕಾದರೆ ಇರುವ ನಾಲ್ಕು ಬಾಗಿಲನ್ನೇ ತಟ್ಟಬೇಕು. ಗ್ಯಾರಂಟಿಗಳಿಗಾಗಿ ಏರಿಸಿದರು ಅಂತ ಕೆಲವರು, ಅಲ್ಲ ಅಂತ ಕೆಲವರು. ಆ ಜಗಳ ಚಹಾದಂಗಡಿಗೆ ಬಿಡೋಣ.

ಇಲ್ಲಿ ಒಂದು ಮಾತು ಬಹಳ ಜನರಿಗೆ ಗೊತ್ತಿಲ್ಲ. ಡೀಸೆಲ್ ಮೇಲೆ ರಾಜ್ಯ ಹಾಕುವ ಮಾರಾಟ ತೆರಿಗೆ ರಸ್ತೆಗೇ ಅಂತ ಮೀಸಲಿಲ್ಲ. ಅದು ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. ಸಂಬಳ, ಶಾಲೆ, ನೀರಾವರಿ, ರಸ್ತೆ, ಎಲ್ಲಕ್ಕೂ ಅಲ್ಲಿಂದಲೇ. ರಸ್ತೆಗೆಂದೇ ಹೆಸರಿಟ್ಟು ತೆಗೆದಿಡುವುದು ಕೇಂದ್ರದ ಸೆಸ್. ಇದು ಹಳೆಯ ಪದ್ಧತಿ. ವಿಜಯಪುರ ಇನ್ನೂ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 1927ರಲ್ಲಿ, ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ರಸ್ತೆ ಸಮಿತಿ ಆಯಿತು. ಅದರ ಮಾತಿನಂತೆ 1929ರಲ್ಲಿ ಗ್ಯಾಲನ್ ಪೆಟ್ರೋಲಿಗೆ 2 ಆಣೆ ಹೆಚ್ಚಿಗೆ ಹಾಕಿ ಕೇಂದ್ರ ರಸ್ತೆ ನಿಧಿ ಕಟ್ಟಿದರು. 2000ದಲ್ಲಿ ಅದಕ್ಕೆ ಹೊಸ ಕಾಯ್ದೆ ಬಂತು. 2018ರಲ್ಲಿ ಹೆಸರಿಗೆ ಮೂಲಸೌಕರ್ಯವೂ ಸೇರಿತು. ಈಗ ರೈಲು, ನೀರಿನಂಥ ಕೆಲಸಕ್ಕೂ ಅದರಲ್ಲಿ ಪಾಲಿದೆ. ಅಂದರೆ ಇಂಡಿ ಕಡೆಯ ಹಳ್ಳಿ ರಸ್ತೆಯ ಗುಂಡಿಯಲ್ಲಿ ನಮ್ಮ ಗಾಡಿ ಕುಣಿಯುವಾಗ ಸುಡುವ ಡೀಸೆಲ್ಲಿಗೂ ತೆರಿಗೆ ಪೂರ್ತಿ ಕಟ್ಟುತ್ತೇವೆ. ಆ ಗುಂಡಿ ಮುಚ್ಚಲು ಆ ದುಡ್ಡೇ ಬರುತ್ತದೆ ಅಂತ ಏನೂ ಇಲ್ಲ.

ಟೋಲ್ ಹಾಗಲ್ಲ. ಅದು ಓಡಿದ ರಸ್ತೆಗೇ ಕೊಡುವ ದುಡ್ಡು. ನಿಡಗುಂದಿ, ಹುನಗುಂದ, ಕುಷ್ಟಗಿ, ಹೊಸಪೇಟೆ ದಾಟಿ ಚಿತ್ರದುರ್ಗಕ್ಕೆ ಹೋಗುವಷ್ಟರಲ್ಲಿ ನಾಕಾ ಒಂದಾದ ಮೇಲೊಂದು ಬರುತ್ತವೆ. ಡ್ರೈವರ್‌ಗಳು ಗೊಣಗುತ್ತಾರೆ. ಆದರೆ ಚತುಷ್ಪಥ ಆದ ಮೇಲೆ ರಾತ್ರಿ ಬಿಟ್ಟ ಮಾಲು ಮರುದಿನ ಹೊತ್ತಿಗೆ ಸರಿಯಾಗಿ ಮುಟ್ಟುತ್ತದೆ, ಟೈರು ಉಳಿಯುತ್ತದೆ, ಬಾಕ್ಸು ಜಜ್ಜುವುದಿಲ್ಲ. ನನ್ನ ಮಟ್ಟಿಗೆ ಟೋಲಿನ ರೂಪಾಯಿ ಡೀಸೆಲ್ ತೆರಿಗೆಯ ರೂಪಾಯಿಗಿಂತ ಕಡಿಮೆ ನೋವಿನದು. ರಾಷ್ಟ್ರೀಯ ಹೆದ್ದಾರಿಯ ಟೋಲ್ ಸಾಮಾನ್ಯವಾಗಿ ಪ್ರತಿ ಏಪ್ರಿಲ್‌ನಲ್ಲಿ ಬೆಲೆ ಸೂಚ್ಯಂಕ ನೋಡಿ ಪರಿಷ್ಕರಣೆ ಆಗುತ್ತದೆ. ಹಾಗಾಗಿ ಏಪ್ರಿಲ್‌ನಲ್ಲಿ ಮೂರನೇ ಸಾಲು ಒಂದಿಷ್ಟು ಅಲುಗಾಡಿದರೆ ಗಾಬರಿ ಬೇಡ.

ಇನ್ನು ಲಾರಿಯ ತೂಕದ ಮೇಲೆ ಆರ್‌ಟಿಒಗೆ ಕಟ್ಟುವ ವಾಹನ ತೆರಿಗೆ, ಇನ್ಶೂರೆನ್ಸ್, ಪರ್ಮಿಟ್, ಫಿಟ್‌ನೆಸ್ ಎಲ್ಲ ನಮ್ಮ 17 ರೂಪಾಯಿಯೊಳಗೇ ಬರುತ್ತವೆ. ಲೋಡ್ ಸಿಗದೆ ಗಾಡಿ ನಾಲ್ಕು ದಿನ ನಿಂತರೂ ಆ ತೆರಿಗೆ ನಿಲ್ಲುವುದಿಲ್ಲ. ಅದನ್ನು ನಿಮ್ಮ ಬಾಕ್ಸಿನ ಮೇಲೆ ಬೇರೆ ಸಾಲಾಗಿ ಹಾಕುವುದು ನ್ಯಾಯ ಅಲ್ಲ ಅಂತ ಸಭೆಯಲ್ಲಿ ಎಲ್ಲರೂ ಒಪ್ಪಿದರು. 2025ರ ಸೆಪ್ಟೆಂಬರ್ 22ರಿಂದ ಲಾರಿ ಟೈರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದರಿಂದ ಸ್ವಲ್ಪ ಉಸಿರಾಡಲು ಜಾಗ ಸಿಕ್ಕಿದೆ. ಬಾಡಿಗೆಯನ್ನು ವರ್ಷಕ್ಕೆ ಗಟ್ಟಿ ಮಾಡಲು ಧೈರ್ಯ ಬಂದದ್ದು ಅದರಿಂದಲೇ.

ಕೆಲವರು ಕರೆಂಟ್ ಗಾಡಿ ತಗೊಳ್ರಿ, ಡೀಸೆಲ್ ತೆರಿಗೆಯ ಗೋಜೇ ಇರಲ್ಲ ಅಂತಾರೆ. ಐನೂರು ಕಿಲೋಮೀಟರ್ ದಾಟುವ ಲೋಡಿಗೆ ಅದು ಸದ್ಯಕ್ಕೆ ನಮ್ಮ ಸಂಘದ ಕೈಗೆ ಎಟುಕುವ ಮಾತಲ್ಲ.

ಕೆಲವು ನಿಯಮ ಹೇಳಿಬಿಡುತ್ತೇವೆ. ಪಂಪಿನ ದರ ದಿನಾ ಬದಲಾಗಬಹುದು. ನಾವು ಪ್ರತಿ ತಿಂಗಳು 1 ಮತ್ತು 16ನೇ ತಾರೀಖಿನ ವಿಜಯಪುರ ಪಂಪಿನ ದರ ಹಿಡಿಯುತ್ತೇವೆ. ಅದನ್ನು ಆಫೀಸಿನ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತೇವೆ. ಡ್ರೈವರ್ ದಾರಿಯಲ್ಲಿ ಎಲ್ಲಿಯೇ ಹಾಕಿಸಲಿ, ನಿಮಗೆ ಈ ದರವೇ. ಧೂಳಖೇಡ ದಾಟಿ ಸೊಲ್ಲಾಪುರ ಕಡೆ ಹೋಗುವ ಮಾಲಿಗೂ ಮುಂದೆ ಇದೇ ಪದ್ಧತಿ ತರುವ ಯೋಚನೆ ಇದೆ. ಮಹಾರಾಷ್ಟ್ರದ ತೆರಿಗೆ ಬೇರೆ, ಪಂಪಿನ ದರ ಬೇರೆ. ಆದರೂ ಲೆಕ್ಕ ಇಲ್ಲಿಯದೇ ಇರುತ್ತದೆ.

ಲಾರಿ ತುಂಬಿರಲಿ, ಅರ್ಧ ಇರಲಿ, ಡೀಸೆಲ್ಲನ್ನೂ ಟೋಲನ್ನೂ 600ಕ್ಕೇ ಭಾಗಿಸುತ್ತೇವೆ. ತಿಕೋಟಾ ಕಡೆಯಿಂದ 20 ಬಾಕ್ಸ್ ತರುವ ಸಣ್ಣ ರೈತನ ತಲೆ ಮೇಲೆ ಖಾಲಿ ಜಾಗದ ಖರ್ಚು ಬೀಳಬಾರದು. ನಿಮ್ಮ ಲೆಕ್ಕಕ್ಕೆ ಹೋಗುವ ದಾರಿ ಮಾತ್ರ. ಬರುವಾಗಿನದು ಕಿರಾಣಿ ಮಾಲಿನವರು ಕೊಡುತ್ತಾರೆ, ಲೋಡ್ ಸಿಗದಿದ್ದರೆ ಸಂಘದ್ದು. ಫಾಸ್ಟ್ಯಾಗ್‌ನಲ್ಲಿ ದುಡ್ಡಿಲ್ಲದೆ ನಾಕಾದಲ್ಲಿ ಹೆಚ್ಚಿಗೆ ಕಟ್ಟಬೇಕಾಗಿ ಬಂದರೆ ಆ ಹೆಚ್ಚಿನದು ಕೂಡ ನಮ್ಮದೇ. ಹಾಂ, 600ರ ಮೇಲೆ "ಇನ್ನೊಂದು ಐವತ್ತು ಹಾಕ್ರೀ" ಅಂತ ದಯವಿಟ್ಟು ಹಮಾಲರಿಗೆ ಹೇಳಬೇಡಿ. ಓವರ್‌ಲೋಡ್ ದಂಡ ಯಾವ ಸಾಲಿನಲ್ಲೂ ಇಲ್ಲ.

ಈಗಾಗಲೇ ಮುಂಗಡ ಕೊಟ್ಟು ಬುಕ್ ಮಾಡಿದವರಿಗೆ ಆ ಲೋಡ್ ಮುಗಿಯುವವರೆಗೆ 36 ರೂಪಾಯಿಯೇ. ಯಾವುದೇ ಟ್ರಿಪ್ಪಿನ ಫಾಸ್ಟ್ಯಾಗ್ ಚೀಟಿ ನೋಡಬೇಕಾದರೆ ಬಿಲ್ಟಿ ನಂಬರ್ ಹೇಳಿ, ಆಫೀಸಿನಲ್ಲಿ ತೆಗೆದುಕೊಡುತ್ತಾರೆ. ಭಾನುವಾರ ಮಾತ್ರ ಮಧ್ಯಾಹ್ನದ ಮೇಲೆ ಬರಬೇಡಿ, ಕ್ಲರ್ಕ್ ಇರುವುದಿಲ್ಲ.

ಇಂತಿ ನಿಮ್ಮ,
ಕಾರ್ಯದರ್ಶಿ
ಸಾಗಣೆ ಸಹಕಾರ ಸಂಘ, ವಿಜಯಪುರ