ಪಾಯಿಂಟ್ಸ್ ಜೊತೆಗೆ ರೀಬೌಂಡೂ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡವೊಂದು ಸೀಸನ್ ಪೂರ್ತಿ ಗೆದ್ದು ಬಂದರೂ ಕ್ರೀಡಾಪುಟದಲ್ಲಿ ಬರುವುದು ಎರಡೇ ಸಂಗತಿ: ಅಂತಿಮ ಸ್ಕೋರು, ಹೆಚ್ಚು ಪಾಯಿಂಟ್ಸ್ ಗಳಿಸಿದವರ ಹೆಸರು. 22 ಪಾಯಿಂಟ್ಸ್ ಗಳಿಸಿದ ಆಟಗಾರ ಅದಕ್ಕಾಗಿ 12 ಶಾಟ್ ಹೊಡೆದನೋ 24 ಹೊಡೆದನೋ ತಿಳಿಯುವುದಿಲ್ಲ. ಒಂದು ಪಂದ್ಯವನ್ನು ಒಬ್ಬನ ಕೈಚಳಕ ಗೆಲ್ಲಿಸಬಹುದು. ಸೀಸನ್ ಗೆಲ್ಲಿಸುವುದು ರೀಬೌಂಡ್ (ತಪ್ಪಿದ ಶಾಟಿನಿಂದ ಪುಟಿದ ಚೆಂಡನ್ನು ಹಿಡಿಯುವುದು), ಟರ್ನ್‌ಓವರ್ (ಶಾಟ್ ಹೊಡೆಯುವ ಮೊದಲೇ ಚೆಂಡು ಕಳೆದುಕೊಳ್ಳುವುದು), ಫ್ರೀ ಥ್ರೋ (ಎದುರಾಳಿಯ ಫೌಲಿಗೆ ಸಿಗುವ, ಯಾರೂ ತಡೆಯದ ಎಸೆತ) ಇವುಗಳ ಲೆಕ್ಕ.

ರೀಬೌಂಡನ್ನೇ ನೋಡಿ. ಅಂತರರಾಷ್ಟ್ರೀಯ ನಿಯಮದಂತೆ ಚೆಂಡು ಕೈಗೆ ಬಂದ ತಂಡ 24 ಸೆಕೆಂಡಿನೊಳಗೆ ಶಾಟ್ ಹೊಡೆಯಬೇಕು. ಅಷ್ಟೂ ಹೊತ್ತು ಬಿಗಿಯಾಗಿ ಕಾದು, ಎದುರಾಳಿಯಿಂದ ಕೆಟ್ಟ ಶಾಟ್ ಹೊಡೆಸಿ, ರಿಂಗಿಗೆ ಬಡಿದ ಚೆಂಡನ್ನು ಅವರಿಗೇ ಬಿಟ್ಟರೆ ಮತ್ತೆ 14 ಸೆಕೆಂಡ್ ಕೊಟ್ಟಂತೆ, ಅದೂ ರಿಂಗಿನ ಬುಡದಲ್ಲಿ. ಆಗುವ ತಪ್ಪು ಯಾವಾಗಲೂ ಒಂದೇ. ಚೆಂಡು ಮೇಲೇಳುತ್ತಲೇ ಐವರೂ ಕತ್ತೆತ್ತಿ ನಿಂತುಬಿಡುತ್ತಾರೆ, ಹಿಂದಿನಿಂದ ಎದುರಾಳಿ ನುಗ್ಗುತ್ತಾನೆ. ಬಾಕ್ಸ್ ಔಟ್ ಮಾಡುವವನು, ಅಂದರೆ ಎದುರಾಳಿ ಚೆಂಡಿನತ್ತ ನುಗ್ಗದಂತೆ ಮೈಯಿಂದ ಅಡ್ಡಗಟ್ಟುವವನು, ಮೊದಲು ಹುಡುಕಬೇಕಾದ್ದು ಚೆಂಡನ್ನಲ್ಲ, ತಾನು ಕಾಯುತ್ತಿದ್ದ ಆಟಗಾರನನ್ನು. ಮುಂಗೈ ತಾಗಿಸಿ ಅವನಿರುವ ಜಾಗ ತಿಳಿದು, ಒಂದು ಕಾಲಿನ ಮೇಲೆ ತಿರುಗಿ, ಮಂಡಿ ಬಗ್ಗಿಸಿ, ಕಾಲು ಅಗಲಿಸಿ, ಬೆನ್ನಿನಿಂದ ದಾರಿ ತಡೆದು, ಆಮೇಲೆ ಚೆಂಡಿಗೆ ಹಾರಬೇಕು. ಮೂಲೆಯಿಂದ ಹೊಡೆದ ಶಾಟ್ ತಪ್ಪಿದರೆ ಹೆಚ್ಚಾಗಿ ಆಚೆ ಬದಿಗೆ ಪುಟಿಯುತ್ತದೆ. ಹಾಗಾಗಿ ಚೆಂಡಿನಿಂದ ದೂರ ನಿಂತವನ ಹೊಣೆಯೇ ದೊಡ್ಡದು, ಮೈಮರೆಯುವವನೂ ಅವನೇ. ಇದನ್ನು ದಿನವೂ ತಿದ್ದುವ ಗಿಡ್ಡ ಹುಡುಗರ ತಂಡ ಎತ್ತರದ ತಂಡವನ್ನು ಕಟ್ಟಿಹಾಕಬಲ್ಲದು.

ಟರ್ನ್‌ಓವರ್ ಲೆಕ್ಕ ಸರಳ. ಒಂದು ತಂಡ 20 ಸಲ, ಇನ್ನೊಂದು 12 ಸಲ ಚೆಂಡು ಕಳೆದುಕೊಂಡರೆ ವ್ಯತ್ಯಾಸ 8 ಅವಕಾಶ. ಹತ್ತು ಅವಕಾಶಕ್ಕೆ ಒಂಬತ್ತು ಪಾಯಿಂಟ್ಸ್ ಎಂದು ಹಿಡಿದರೂ ಏಳು ಪಾಯಿಂಟ್ಸ್ ಅಲ್ಲೇ ಹೋಯಿತು.

ಇನ್ನು ಫ್ರೀ ಥ್ರೋ. ಕ್ವಾರ್ಟರ್‌ನಲ್ಲಿ ತಂಡದ ನಾಲ್ಕು ಫೌಲ್ ತುಂಬಿದ ಮೇಲೆ, ಚೆಂಡಿಲ್ಲದ ತಂಡ ಮಾಡುವ ಸಾಮಾನ್ಯ ಫೌಲಿಗೂ ಎದುರಾಳಿಗೆ ಎರಡು ಎಸೆತ. ಬಿಗಿ ಪಂದ್ಯದ ಕೊನೆಯ ನಿಮಿಷಗಳು ಫ್ರೀ ಥ್ರೋ ಗೆರೆಯ ಮೇಲೇ ಕಳೆಯುತ್ತವೆ. ದಣಿಯದ ಕಾಲಲ್ಲಿ ನಿಂತು ಒಂದೇ ಸಮನೆ ನೂರು ಎಸೆದು ಕಲಿತವನು ಅಲ್ಲಿ ತಪ್ಪುತ್ತಾನೆ: ಕಾಲು ಸೋತು ಚೆಂಡು ರಿಂಗಿನ ಮುಂಭಾಗಕ್ಕೇ ಬಡಿಯುತ್ತದೆ. ಅಭ್ಯಾಸ ಮುಗಿಯುವ ಹೊತ್ತಿಗೆ ಅಂಗಣದುದ್ದಕ್ಕೂ ಓಡಿ ಬಂದು ಎರಡೇ ಎಸೆತ, ಮತ್ತೆ ಓಟ, ಮತ್ತೆ ಎರಡು, ಹೀಗೆ ಐದು ಸುತ್ತು ಹಾಕಿದವನ ಕೈ ನಂಬಬಹುದು.

ಮೇಜಿನ ಅಧಿಕೃತ ಸ್ಕೋರ್‌ಶೀಟಿನಲ್ಲಿ ಗಳಿಸಿದ ಪಾಯಿಂಟ್ಸ್, ಫೌಲ್, ಟೈಮ್‌ಔಟ್ ಇರುತ್ತವೆ. ತಪ್ಪಿದ ಶಾಟ್, ರೀಬೌಂಡ್, ಟರ್ನ್‌ಓವರ್ ಇರುವುದಿಲ್ಲ. ಅದಕ್ಕೆ ಬೇರೆ ಹಾಳೆಯೇ ಬೇಕು. ಬೆಂಚಿನ ಪಕ್ಕ ಇಬ್ಬರು ಕೂತರಾಯಿತು, ಒಬ್ಬರು ಆಟದಿಂದ ಕಣ್ಣು ಕೀಳದೆ ಹೇಳಲು, ಇನ್ನೊಬ್ಬರು ಗೀಟು ಹಾಕಲು. ಒಬ್ಬರೇ ಎರಡನ್ನೂ ಮಾಡಹೊರಟರೆ ಬರೆಯಲು ತಲೆ ತಗ್ಗಿಸಿದಾಗಲೇ ಒಂದು ರೀಬೌಂಡ್ ಲೆಕ್ಕ ತಪ್ಪುತ್ತದೆ.

ತಂಡಗಳು ಈ ಹಾಳೆ ಇಡಲಿ, ಪತ್ರಿಕೆ ಅದನ್ನು ಕೇಳಿ ಪಡೆಯಲಿ. ಸ್ಕೋರಿನ ಕೆಳಗೆ ಒಂದೇ ಸಾಲು ಸಾಕು: ಎಷ್ಟು ಶಾಟಿಗೆ ಎಷ್ಟು ಬಿತ್ತು, ಎಷ್ಟು ಫ್ರೀ ಥ್ರೋಗೆ ಎಷ್ಟು, ಎರಡೂ ತಂಡಗಳ ರೀಬೌಂಡ್, ಟರ್ನ್‌ಓವರ್. ನಾಲ್ಕೇ ಪಾಯಿಂಟ್ಸ್ ಗಳಿಸಿ 14 ರೀಬೌಂಡ್ ಹಿಡಿದ ಹುಡುಗಿಯ ಹೆಸರೂ ಆಗ ಮರುದಿನದ ಪುಟದಲ್ಲಿ ಇರುತ್ತದೆ.

ಇತಿ,
ಬ್ಯಾಸ್ಕೆಟ್‌ಬಾಲ್ ತರಬೇತುದಾರರು