ಕ್ಲಬ್ ರೂಮ್ ಟಿವಿ: ಪ್ಲಾಸ್ಮಾನಾ, ಎಲ್‌ಸಿಡಿನಾ? ಶನಿವಾರ ನೋಡೋಣ

ಎಲ್ಲರಿಗೂ ನಮಸ್ಕಾರ.

ಮೂರನೇ ಮಹಡಿಯವರು ಮನೆ ಖಾಲಿ ಮಾಡುತ್ತಿದ್ದಾರೆ. ತಮ್ಮ 50 ಇಂಚಿನ ಪ್ಲಾಸ್ಮಾ ಟಿವಿಯನ್ನು ಕ್ಲಬ್ ರೂಮಿಗೆ ಕೊಡುತ್ತೇವೆ ಎಂದಿದ್ದಾರೆ. ಅಲ್ಲಿ ಈಗಿರುವುದು 42 ಇಂಚಿನ ಎಲ್‌ಸಿಡಿ. ಜಾಗ ಇರುವುದು ಒಂದಕ್ಕೆ ಮಾತ್ರ. ಈ ಶನಿವಾರ ಸಂಜೆ 7ಕ್ಕೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ ತೀರ್ಮಾನ ಮಾಡೋಣ.

ಹಳೇದು ಅಂತ ಸುಮ್ನೆ ಬೇಡ ಅನ್ನಬೇಡಿ. ಪ್ಲಾಸ್ಮಾದಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ. ಹಾಗಾಗಿ ರಾತ್ರಿಯ ದೃಶ್ಯದಲ್ಲಿ ಕಪ್ಪು ನಿಜಕ್ಕೂ ಕಪ್ಪಾಗಿ ಕಾಣುತ್ತದೆ. ಮೂಲೆಯಲ್ಲಿ ಕೂತವರಿಗೂ ಬಣ್ಣ ಕೆಡುವುದಿಲ್ಲ. ಎಲ್‌ಸಿಡಿಯಲ್ಲಿ ಹಿಂದಿನ ದೀಪ ಉರಿಯುತ್ತಲೇ ಇರುವುದರಿಂದ ಕಪ್ಪು ಸ್ವಲ್ಪ ಬೂದು ಬಣ್ಣವಾಗಿ ಕಾಣುತ್ತದೆ. ಸಿನಿಮಾಕ್ಕೆ ನನ್ನ ಮತ ಪ್ಲಾಸ್ಮಾಗೇ.

ಗೇಮ್ ಆಡುವ ಮಕ್ಕಳದ್ದೇ ಚಿಂತೆ. ಸ್ಕೋರ್, ಮ್ಯಾಪ್ ಗಂಟೆಗಟ್ಟಲೆ ಒಂದೇ ಕಡೆ ನಿಂತರೆ ಪ್ಲಾಸ್ಮಾ ಪರದೆಯಲ್ಲಿ ಅದರ ಅಚ್ಚು ಉಳಿದುಬಿಡಬಹುದು. ಕರೆಂಟೂ ಜಾಸ್ತಿ. ಹಗಲಿನ ಬೆಳಕಿಗೆ ಎಲ್‌ಸಿಡಿಯೇ ಚೆನ್ನ. ಪ್ಯಾನಾಸೋನಿಕ್ 2013ರಲ್ಲೇ ಪ್ಲಾಸ್ಮಾ ತಯಾರಿಕೆ ನಿಲ್ಲಿಸಿದೆ. ಪ್ಯಾನೆಲ್ ಹೋದರೆ ಬದಲಿ ಸಿಗುವುದು ಕಷ್ಟ ಅಲ್ವಾ?

– ಬರುವವರು ಶುಕ್ರವಾರ ರಾತ್ರಿ 9ರೊಳಗೆ ಇಲ್ಲೇ ತಿಳಿಸಿ.
– ಪ್ಲೇಸ್ಟೇಷನ್ ಇದ್ದವರು ದಯವಿಟ್ಟು ತನ್ನಿ. ಎಲ್‌ಸಿಡಿಯನ್ನು ಗೇಮ್ ಮೋಡ್‌ಗೆ ಹಾಕಿಯೇ ಆಡಿ. ಇಲ್ಲದಿದ್ದರೆ ಬಟನ್ ಒತ್ತಿದ್ದು ತಡವಾಗಿ ಕಾಣುತ್ತದೆ, ಹೋಲಿಕೆ ಸರಿಯಾಗುವುದಿಲ್ಲ.
– ಪ್ಲಾಸ್ಮಾ ಇಳಿಸಲು ಇಬ್ಬರು 6ಕ್ಕೇ ಬೇಕು. ತುಂಬ ಭಾರ. ಮಲಗಿಸದೆ ನಿಲ್ಲಿಸಿಯೇ ಒಯ್ಯಬೇಕು. ಯಾರು ಬರ್ತೀರಿ, ಹೇಳಿ.