ಆಳದ ಪುಟ್ಟ ಶಾರ್ಕ್‌ಗಳನ್ನೂ ಲೆಕ್ಕಕ್ಕೆ ತನ್ನಿ

ಮಾನ್ಯ ಸಂಪಾದಕರೇ,

ಆಳಸಮುದ್ರಕ್ಕೆ ಹೋಗುವ ಬೋಟುಗಳಿಗೆ ಮತ್ಸ್ಯ ಸಂಪದ ಯೋಜನೆಯಲ್ಲಿ ಸಹಾಯಧನವಿದೆ. ದಡದ ಹತ್ತಿರ ಮೀನು ಸಿಗದಾಗ ದೂರ ಹೋಗಲೇಬೇಕು, ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ಅಲ್ಲಿ ಏನೇನು ಬದುಕಿದೆ ಎಂದು ತಿಳಿದುಕೊಂಡು ಬಲೆ ಬಿಡಬೇಕು ಅಲ್ವಾ?

ಎರಿಡ್ಯಾಕ್ನಿಸ್ ರ‍್ಯಾಡ್‌ಕ್ಲಿಫಿ ಎಂಬ ಶಾರ್ಕ್ ಇದೆ. ಜಗತ್ತಿನ ಅತಿ ಚಿಕ್ಕ ಶಾರ್ಕ್‌ಗಳಲ್ಲಿ ಇದೂ ಒಂದು. ಪೂರ್ತಿ ಬೆಳೆದರೂ ಸುಮಾರು 24 ಸೆಂಟಿಮೀಟರ್, ಒಂದು ಒಳ್ಳೆಯ ಬಂಗುಡೆಯಷ್ಟು. 70 ಮೀಟರ್‌ನಿಂದ 750 ಮೀಟರ್‌ಗೂ ಜಾಸ್ತಿ ಆಳದವರೆಗೆ, ಕೆಸರಿನ ತಳದ ಹತ್ತಿರ ಇರುತ್ತದೆ. ಸಣ್ಣ ಮೀನು, ಸಿಗಡಿ, ಬೊಂಡಾಸ (ಸ್ಕ್ವಿಡ್) ತಿನ್ನುತ್ತದೆ. ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಅದೂ ಸಲಕ್ಕೆ ಒಂದೋ ಎರಡೋ. ಹುಟ್ಟುವಾಗಲೇ ಮರಿ ಹತ್ತು ಸೆಂಟಿಮೀಟರ್ ದಾಟಿರುತ್ತದೆ, ಅಂದರೆ ಹತ್ತಿರಹತ್ತಿರ ತಾಯಿಯ ಅರ್ಧ! ಅಷ್ಟು ದೊಡ್ಡ ಮರಿಯನ್ನು ಹೊಟ್ಟೆಯಲ್ಲಿ ಬೆಳೆಸುವ ಜೀವ ಇದು. ತಾರ್ಲೆ (ಬೂತಾಯಿ) ಮೀನು ಒಂದು ವರ್ಷ ಕಡಿಮೆಯಾದರೂ ಸಾವಿರಾರು ಮೊಟ್ಟೆ ಬಿಟ್ಟು ಮತ್ತೆ ತುಂಬಿಕೊಳ್ಳುತ್ತದೆ. ಇದಕ್ಕೆ ಅದು ಆಗದು.

ಕೇರಳದ ಕೊಲ್ಲಂ ಕಡೆ ಆಳದ ಸಿಗಡಿ ಹಿಡಿಯುವ ಟ್ರಾಲರ್‌ಗಳ ಬಲೆಗೆ ಇದು ಬೀಳುತ್ತದೆ. ತಿನ್ನಲು ಇದನ್ನು ಯಾರೂ ಕೊಳ್ಳುವುದಿಲ್ಲ. ಅಳಿವಿನಂಚಿನ ಜೀವಿಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಸದ್ಯ ಇದು ಕಡಿಮೆ ಅಪಾಯದ ಗುಂಪಿನಲ್ಲಿದೆ, ನಿಜ. ಆದರೆ ಲೆಕ್ಕ ಶುರುಮಾಡಲು ಇದೇ ಸರಿಯಾದ ಹೊತ್ತು.

ತಡ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಮಾಲ್ಡೀವ್ಸ್ ಇದೆ. ಅಲ್ಲಿ ಆಳದ ಗಲ್ಪರ್ ಶಾರ್ಕ್‌ಗಳನ್ನು ಪಿತ್ತಜನಕಾಂಗದ ಎಣ್ಣೆಗಾಗಿ 1980ರ ಸುಮಾರಿಗೆ ಹಿಡಿಯಲು ಶುರು ಮಾಡಿದರು. ಆ ಎಣ್ಣೆಯ ಸ್ಕ್ವಾಲೀನ್ ಸೌಂದರ್ಯವರ್ಧಕಗಳಿಗೆ ಬೇಕು. ಕೆಲವೇ ವರ್ಷ ಭರಾಟೆ ನಡೆಯಿತು, ಆಮೇಲೆ ಮೀನೇ ಕಡಿಮೆಯಾಯಿತು. 2010ರಲ್ಲಿ ಅಲ್ಲಿ ಶಾರ್ಕ್ ಹಿಡಿಯುವುದನ್ನೇ ನಿಷೇಧಿಸಬೇಕಾಯಿತು. ಗಲ್ಪರ್ ಕೂಡ ಬಹಳ ನಿಧಾನವಾಗಿ ಬೆಳೆದು ಕೆಲವೇ ಮರಿ ಹಾಕುವ ಜಾತಿ.

ನಮ್ಮ ಬೈತಖೋಲ, ತದಡಿ, ಹೊನ್ನಾವರ, ಭಟ್ಕಳದ ಬಂದರುಗಳಲ್ಲಿ ಮಾಡಬಹುದಾದದ್ದು ದೊಡ್ಡ ಖರ್ಚಿನ ಕೆಲಸವೇನಲ್ಲ. ಎಲ್ಲ ಮೋರಿಯನ್ನೂ (ಶಾರ್ಕ್‌ಗಳನ್ನೂ) ಒಟ್ಟಿಗೆ ತೂಗಿ ಬರೆಯುವ ಬದಲು ಜಾತಿವಾರು ಬರೆಯಲಿ. ಮಾರಾಟವಾಗದ ರಾಶಿಯಲ್ಲಿ ಸಣ್ಣ ಶಾರ್ಕ್ ಕಂಡರೆ ಫೋಟೊ, ಉದ್ದ, ಸಿಕ್ಕ ಆಳ, ಹೊಟ್ಟೆಯಲ್ಲಿ ಮರಿ ಇತ್ತೇ ಎಂಬುದು ದಾಖಲಾಗಲಿ. ಆಳ ಎಷ್ಟೆಂದು ಬೋಟು ನಡೆಸುವ ತಾಂಡೇಲರಿಗೆ ಚೆನ್ನಾಗಿ ಗೊತ್ತಿರುತ್ತದೆ, ಅವರನ್ನೇ ಕೇಳಬೇಕು. ಜಾತಿ ಗುರುತಿಸಲು ಕಾರವಾರದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ಕೇಂದ್ರವಿದೆ, ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ಓದುವ ಮಕ್ಕಳಿದ್ದಾರೆ. ಮೀನುಗಾರಿಕೆ ಇಲಾಖೆ ಇವರೆಲ್ಲರನ್ನೂ ಕೂರಿಸಿ ಮಾತಾಡಲಿ. ಮಳೆಗಾಲದ ನಿಷೇಧ ಮುಗಿದು ಆಗಸ್ಟ್‌ನಲ್ಲಿ ಬೋಟುಗಳು ಹೊರಡುವ ಮೊದಲೇ ಈ ವ್ಯವಸ್ಥೆ ಆಗಬೇಕೆಂದು ನನ್ನ ವಿನಂತಿ.

– ಒಬ್ಬ ಓದುಗ, ಕಾರವಾರ